ಒಂದೇ ಜಾಗದಲ್ಲಿ ಮೂರನೆಯ ಬಾರಿ ಗುಂಡಿ: ರಸ್ತೆಗೆ ಹಾಕಿದ ತೇಪೆ ಏಕೆ ನಿಲ್ಲುತ್ತಿಲ್ಲ?

ಒಳರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ವಸತಿ ಸಂಘದ ಒಳರಸ್ತೆಯ ಉಸ್ತುವಾರಿಯನ್ನು ಎರಡು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ರಸ್ತೆ ನಿರ್ಮಾಣದ ಶಾಸ್ತ್ರ ನನಗೆ ತಿಳಿಯದು. ಆದ್ದರಿಂದ ಕಂಡದ್ದನ್ನು ಕಂಡಂತೆಯೇ ಬರೆಯುತ್ತೇನೆ. ರಸ್ತೆಯ ಉದ್ದ ಸುಮಾರು 600 ಮೀಟರ್, ಅಗಲ ನಾಲ್ಕೂವರೆ ಮೀಟರ್. ಒಂಬತ್ತು ವರ್ಷಗಳ ಹಿಂದೆ ಜಲ್ಲಿಯ ತಳಪದರದ ಮೇಲೆ 40 ಮಿಲಿಮೀಟರ್ ದಪ್ಪಕ್ಕೆ ಡಾಂಬರು ಹಾಕಿಸಲಾಗಿತ್ತು.

ರಸ್ತೆ ತಿರುಗುವ ಒಂದು ಕಡೆ, ಕಸದ ಲಾರಿಯ ಗಾಲಿಗಳು ಓಡುವ ಜಾಡಿನಲ್ಲಿಯೇ, ಮೊದಲು ಬಲೆ ಹೆಣೆದಂತೆ ಸಣ್ಣ ಬಿರುಕುಗಳು ಕಾಣಿಸಿಕೊಂಡವು. ಕೆಲವು ವಾರಗಳ ಮಳೆಯ ನಂತರ ಅಲ್ಲಿ ಗುಂಡಿ ಬಿದ್ದಿತು. ಮೊದಲ ಸಲ ಚೀಲದಲ್ಲಿ ಸಿಗುವ ತಣ್ಣನೆಯ ಡಾಂಬರು ಮಿಶ್ರಣವನ್ನು ತುಂಬಿಸಿದೆವು, ಅದು ಎರಡು ತಿಂಗಳು ಉಳಿಯಿತು. ಎರಡನೆಯ ಸಲ ಬಿಸಿ ಡಾಂಬರು ಮಿಶ್ರಣವನ್ನು ತರಿಸಿ, ಸಲಿಕೆಯಿಂದ ಹರಡಿ, ಲಾರಿಯ ಚಕ್ರದಿಂದ ಅದುಮಿಸಿದೆವು. ಅದು ಹೆಚ್ಚುಕಡಿಮೆ ಒಂದು ವರ್ಷ ನಿಂತು, ಅಂಚುಗಳಿಂದ ಕಿತ್ತುಬಂದಿತು. ಮೂರನೆಯ ಸಲ ಸಿಮೆಂಟ್ ಕಾಂಕ್ರೀಟ್ ತುಂಬಿಸಿದೆವು. ಈಗ ಕಾಂಕ್ರೀಟಿನ ತುಂಡು ಹಾಗೆಯೇ ಗಟ್ಟಿಯಾಗಿ ಉಳಿದಿದೆ, ಅದರ ಸುತ್ತಲಿನ ಡಾಂಬರು ಮಾತ್ರ ಒಡೆದು ಇನ್ನೂ ದೊಡ್ಡ ಗುಂಡಿಯಾಗಿದೆ.

ಇದಲ್ಲದೆ ರಸ್ತೆಯ ನಡುವೆ ಉದ್ದಕ್ಕೂ ಒಂದೇ ಗೆರೆಯಂತಹ ಬಿರುಕು ಇದೆ, ಅಲ್ಲಲ್ಲಿ ಅಡ್ಡ ಬಿರುಕುಗಳೂ ಇವೆ. ಇಡೀ ರಸ್ತೆಯ ಮೇಲೆ 25 ಮಿಲಿಮೀಟರ್ ಹೊಸ ಪದರ ಹಾಕಿಸಿದರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂದು ಒಬ್ಬ ಗುತ್ತಿಗೆದಾರರು ಸಲಹೆ ನೀಡಿದ್ದಾರೆ. ಸಂಘದ ಬಳಿ ಇರುವ ಹಣ ಒಂದು ಸಲದ ಕೆಲಸಕ್ಕೆ ಮಾತ್ರ ಸಾಲುತ್ತದೆ. ಆ ಹಣವನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ನಿವೃತ್ತ ಇಂಜಿನಿಯರ್

ತಾವು ಕಂಡದ್ದನ್ನು ಕ್ರಮವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ನನ್ನ ಮೂವತ್ತು ವರ್ಷಗಳ ಕೆಲಸದಲ್ಲಿ ಮತ್ತೆ ಮತ್ತೆ ಕಂಡದ್ದೇನೆಂದರೆ, ಒಂದೇ ಜಾಗದಲ್ಲಿ ಪದೇ ಪದೇ ಬೀಳುವ ಗುಂಡಿಗೆ ಕಾರಣ ಮೇಲಿನ ಡಾಂಬರಿನಲ್ಲಿ ಇರುವುದು ಅಪರೂಪ. ಕಾರಣ ಕೆಳಗಿರುತ್ತದೆ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಅದು ನೀರು.

ಡಾಂಬರು ರಸ್ತೆ ತನ್ನ ಬಲದಿಂದ ತಾನೇ ನಿಂತಿರುವುದಿಲ್ಲ. ಗಾಲಿಯ ಭಾರವನ್ನು ಮೇಲಿನ ಪದರವು ಜಲ್ಲಿಯ ಪದರಕ್ಕೆ, ಅದು ತಳಮಣ್ಣಿಗೆ ಹರಡುತ್ತಾ ಹೋಗುತ್ತದೆ. ಜಲ್ಲಿ ಮತ್ತು ಮಣ್ಣು ಒಣಗಿರುವಾಗ ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ. ಕೆಳಗೆ ನೀರು ನಿಂತರೆ ಜಲ್ಲಿಯ ಹರಳುಗಳ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ, ಮಣ್ಣು ಮೆತ್ತಗಾಗುತ್ತದೆ, ಮತ್ತು ಪ್ರತಿ ಗಾಲಿ ಹಾದಾಗಲೂ ಡಾಂಬರಿನ ಪದರ ಸ್ವಲ್ಪ ಹೆಚ್ಚು ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಕೊನೆಗೆ ತುಂಡಾಗುವಂತೆ, ಬಾಗಿ ಬಾಗಿ ದಣಿದ ಪದರವು ತನ್ನ ತಳಭಾಗದಿಂದ ಬಿರಿಯಲು ಆರಂಭಿಸುತ್ತದೆ. ಆ ಬಿರುಕುಗಳು ಮೇಲಕ್ಕೆ ಬಂದು ಒಂದಕ್ಕೊಂದು ಕೂಡಿಕೊಂಡಾಗ ತಾವು ಹೇಳಿದ ಬಲೆಯ ಆಕಾರ ಕಾಣುತ್ತದೆ. ನಾವು ಇದನ್ನು ಮೊಸಳೆ ಚರ್ಮದ ಬಿರುಕು ಎನ್ನುತ್ತೇವೆ. ಅದು ಕಂಡಿತೆಂದರೆ ಆ ಜಾಗದಲ್ಲಿ ರಸ್ತೆಯ ದೇಹವೇ ಸೋತಿದೆ ಎಂದು ತಿಳಿಯಬೇಕು. ಆ ಬಿರುಕುಗಳ ಮೂಲಕ ಇಳಿದ ಮಳೆನೀರಿನ ಮೇಲೆ ಗಾಲಿ ಹಾದಾಗ, ಒತ್ತಡಕ್ಕೆ ಸಿಕ್ಕಿದ ನೀರು ಸಣ್ಣ ಮಣ್ಣಿನ ಕಣಗಳನ್ನು ಹೊತ್ತುಕೊಂಡು ಹೊರಗೆ ಚಿಮ್ಮುತ್ತದೆ. ಕೆಳಗೆ ಪೊಳ್ಳಾದ ಮೇಲೆ ಬಿರುಕಿನ ತುಂಡುಗಳು ಒಂದೊಂದಾಗಿ ಕಿತ್ತುಬರುತ್ತವೆ. ಹಿಮ ಬೀಳುವ ಪ್ರದೇಶಗಳಲ್ಲಿ ಇದರ ಜೊತೆಗೆ, ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುವುದರಿಂದ ಪದರವನ್ನೇ ಎತ್ತಿಬಿಡುತ್ತದೆ; ಹಿಮ ಕರಗುವ ವಾರಗಳಲ್ಲಿ ಅಲ್ಲಿನ ರಸ್ತೆಗಳು ವರ್ಷದಲ್ಲಿಯೇ ಅತ್ಯಂತ ದುರ್ಬಲವಾಗಿರುತ್ತವೆ.

ಕಸದ ಲಾರಿಯ ಜಾಡಿನಲ್ಲಿಯೇ ಹೀಗಾದುದು ಆಕಸ್ಮಿಕವಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ 1958ರಿಂದ 1960ರವರೆಗೆ ಪ್ರಯೋಗದ ರಸ್ತೆಗಳ ಮೇಲೆ ನಿಗದಿತ ತೂಕದ ಲಾರಿಗಳನ್ನು ಬಿಡುವಿಲ್ಲದೆ ಓಡಿಸಿ ನೋಡಿದರು. ಗಾಲಿಗಳ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ ಎಂಬ ಲೆಕ್ಕ ಅಲ್ಲಿಂದ ಬಂದಿತು. ಆದ್ದರಿಂದ ನಿವಾಸಿಗಳ ಕಾರುಗಳಿಂದ ಆಗುವ ಸವೆತವನ್ನು ತಾವು ಗಣನೆಗೆ ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ವಾರಕ್ಕೆ ಕೆಲವು ಬಾರಿ ಬರುವ ಆ ಲಾರಿಯೊಂದೇ ರಸ್ತೆಯ ಆಯುಷ್ಯವನ್ನು ನಿರ್ಧರಿಸುತ್ತದೆ.

ಹಣ ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಚೆನ್ನಾಗಿ ಮಳೆ ಸುರಿದು ನಿಂತ ಮೇಲೆ ಐದಾರು ಗಂಟೆ ಬಿಟ್ಟು ಆ ತಿರುವಿಗೆ ಹೋಗಿ ನೋಡಿ. ಉಳಿದ ರಸ್ತೆ ಒಣಗಿದ್ದರೂ ಬಿರುಕುಗಳ ಬಾಯಿ ಮಾತ್ರ ಒದ್ದೆಯಾಗಿದ್ದರೆ ಅಥವಾ ಬಿರುಕಿನ ಸುತ್ತ ಮಣ್ಣಿನ ಬಣ್ಣದ ಕಲೆ ಇದ್ದರೆ, ಕೆಳಗೆ ನೀರು ನಿಂತಿದೆ ಎಂದರ್ಥ. ಆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಅದು ಸಿಗುವವರೆಗೆ 25 ಮಿಲಿಮೀಟರ್ ಪದರದ ಮಾತನ್ನು ಬದಿಗಿಡಿ. ಬಿರುಕು ಬಿಟ್ಟ ರಸ್ತೆಯ ಮೇಲೆ ಹಾಕಿದ ತೆಳುವಾದ ಪದರದಲ್ಲಿ ಕೆಳಗಿನ ಬಿರುಕುಗಳೇ ಅದೇ ನಕ್ಷೆಯಲ್ಲಿ ಮೇಲೆ ಮೂಡಿಬರುತ್ತವೆ.

ರೋಲರ್ ಮೇಸ್ತ್ರಿ

ಹಿರಿಯರು ಕಾರಣವನ್ನು ಹೇಳಿದ್ದಾರೆ. ನಾನು ತೇಪೆ ಹಾಕುವ ತಂಡವನ್ನು ನಡೆಸಿದವನು, ಆದ್ದರಿಂದ ತಮ್ಮ ಮೂರು ತೇಪೆಗಳು ಏಕೆ ಸೋತವು ಎಂಬುದನ್ನು ಹೇಳಬಲ್ಲೆ.

ಮೊದಲನೆಯದು ತಣ್ಣನೆಯ ಮಿಶ್ರಣ. ಅದರಲ್ಲಿ ಡಾಂಬರನ್ನು ಮೃದುವಾಗಿಡಲು ಬೆರೆಸಿದ ದ್ರಾವಕವು ಆರುವವರೆಗೆ ಅದು ಗಟ್ಟಿಯಾಗುವುದಿಲ್ಲ. ಮಳೆಯ ನಡುವೆ, ಅಪಘಾತ ತಪ್ಪಿಸಲು ತಾತ್ಕಾಲಿಕವಾಗಿ ತುಂಬುವುದಕ್ಕೆ ಅದು ತಕ್ಕ ವಸ್ತು. ಸ್ಥಿರವಾದ ದುರಸ್ತಿ ಎಂದು ಅದನ್ನು ಭಾವಿಸಬಾರದು. ಮೂರನೆಯದಾದ ಕಾಂಕ್ರೀಟ್ ಬಗ್ಗೆ ಹೇಳಬೇಕೆಂದರೆ, ಬಾಗುವ ಡಾಂಬರಿನ ನಡುವೆ ಬಾಗದ ಗಟ್ಟಿ ತುಂಡನ್ನು ಇಟ್ಟರೆ ಎರಡೂ ಕೂಡುವ ಅಂಚಿನಲ್ಲಿಯೇ ಎಲ್ಲ ಪೆಟ್ಟು ಬೀಳುತ್ತದೆ. ಅಲ್ಲಿ ಬಿರುಕು ತೆರೆದುಕೊಂಡು ನೀರಿಗೆ ದಾರಿಯಾಗುತ್ತದೆ. ತಮ್ಮಲ್ಲಿ ಆಗಿರುವುದು ಇದೇ.

ಎರಡನೆಯ ತೇಪೆಯ ವಸ್ತು ಸರಿಯಾಗಿತ್ತು, ವಿಧಾನ ಸರಿಯಾಗಿರಲಿಲ್ಲ. ಸರಿಯಾದ ವಿಧಾನ ಹೀಗಿದೆ. ಗುಂಡಿಯ ಆಕಾರಕ್ಕೆ ಕತ್ತರಿಸಬಾರದು. ಬಿರುಕು ಬಿಟ್ಟ ಭಾಗವೆಲ್ಲ ಒಳಗೆ ಬರುವಂತೆ, ಅದರಾಚೆಗೂ ಒಂದು ಗೇಣು ಗಟ್ಟಿ ಡಾಂಬರು ಸೇರುವಂತೆ ಸೀಮೆಸುಣ್ಣದಿಂದ ಚೌಕಾಕಾರ ಗುರುತಿಸಬೇಕು. ಕತ್ತರಿಸುವ ಯಂತ್ರದಿಂದ ಗೋಡೆಗಳು ನೆಟ್ಟಗೆ ನಿಲ್ಲುವಂತೆ ಕೊಯ್ದು, ಸಡಿಲವಾದುದನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ತೆಗೆಯಬೇಕು. ಇಳಿಜಾರಾದ ತೆಳ್ಳನೆಯ ಅಂಚು ಇದ್ದರೆ ಮಿಶ್ರಣದ ದೊಡ್ಡ ಹರಳುಗಳಿಗೆ ಅಲ್ಲಿ ಜಾಗ ಸಿಗುವುದಿಲ್ಲ; ಆ ತುದಿಯಿಂದಲೇ ತೇಪೆ ಏಳಲು ತೊಡಗುತ್ತದೆ. ತಳದ ಜಲ್ಲಿ ಸಡಿಲವಾಗಿದ್ದರೆ ಅದನ್ನು ತುಂಬಿ ಧಮ್ಮಸ್ಸು ಮಾಡಬೇಕು. ಒಳಗಿನ ಧೂಳನ್ನು ಗಾಳಿಯಿಂದ ಊದಿ ತೆಗೆದು, ಪೂರ್ತಿ ಒಣಗಿಸಿ, ತಳಕ್ಕೂ ನಾಲ್ಕು ಗೋಡೆಗಳಿಗೂ ಡಾಂಬರಿನ ಎಮಲ್ಷನ್ನನ್ನು (ನೀರಿನಲ್ಲಿ ಕದಡಿದ ಡಾಂಬರನ್ನು) ತೆಳುವಾಗಿ ಬಳಿಯಬೇಕು. ಬಳಿದಾಗ ಕಂದು ಬಣ್ಣದಲ್ಲಿರುವ ಅದು ನೀರು ಬಿಟ್ಟು ಕಪ್ಪಾದ ಮೇಲೆಯೇ ಮಿಶ್ರಣ ಸುರಿಯಬೇಕು. ಅವಸರದಲ್ಲಿ ಕಂದು ಬಣ್ಣದ ಮೇಲೆಯೇ ಸುರಿಯುವವರನ್ನು ನಾನು ಎಷ್ಟೋ ಸಲ ತಡೆದಿದ್ದೇನೆ. ಎಮಲ್ಷನ್ ಹೆಚ್ಚಾಗಿ ತಳದಲ್ಲಿ ನಿಂತರೂ ಕೆಡುಕೇ, ಏಕೆಂದರೆ ಆಗ ತೇಪೆ ಅದರ ಮೇಲೆ ಜಾರುತ್ತದೆ.

ಇನ್ನು ಅದುಮುವುದು. ಲಾರಿಯ ಚಕ್ರ ಗುಂಡಿಯ ನಡುವನ್ನು ಅದುಮುತ್ತದೆ, ಮೂಲೆಗಳನ್ನು ಮುಟ್ಟುವುದಿಲ್ಲ. ತಮ್ಮ ತೇಪೆ ಅಂಚಿನಿಂದ ಕಿತ್ತುಬಂದುದಕ್ಕೆ ಕಾರಣ ಇಲ್ಲಿದೆ. ಒಂದು ಸಲಕ್ಕೆ 50ರಿಂದ 75 ಮಿಲಿಮೀಟರ್ ದಪ್ಪಕ್ಕಿಂತ ಹೆಚ್ಚು ತುಂಬದೆ, ಕಂಪಿಸುವ ಪ್ಲೇಟ್ ಅಥವಾ ಚಿಕ್ಕ ರೋಲರಿನಿಂದ ಅಂಚುಗಳಲ್ಲಿ ಮೊದಲು, ನಡುವೆ ಆಮೇಲೆ ಅದುಮಬೇಕು. ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ತಯಾರಾಗುವ ಮಿಶ್ರಣವು 80 ಡಿಗ್ರಿಯ ಹತ್ತಿರಕ್ಕೆ ಇಳಿದ ಮೇಲೆ ಎಷ್ಟು ಉರುಳಿಸಿದರೂ ಒತ್ತಾಗುವುದಿಲ್ಲ. ತೆಳುವಾದ ಪದರ ಕೆಲವೇ ನಿಮಿಷಗಳಲ್ಲಿ ಆರಿಬಿಡುತ್ತದೆ. ಹಾಗಾಗಿ ಮಿಶ್ರಣದ ಲಾರಿ ಬರುವ ಮೊದಲೇ ಗುಂಡಿ ಸಿದ್ಧವಾಗಿರಬೇಕು. ಲಾರಿ ನಿಂತ ಮೇಲೆ ಗುಂಡಿ ಅಗೆಯಲು ಹೊರಡುವುದು ಎಲ್ಲ ಕಡೆಯೂ ಕಾಣುವ ತಪ್ಪು. ಮುಗಿದಾಗ ತೇಪೆಯ ಮೇಲ್ಮೈ ರಸ್ತೆಗಿಂತ ಮೂರರಿಂದ ಆರು ಮಿಲಿಮೀಟರ್ ಎತ್ತರದಲ್ಲಿರಲಿ, ವಾಹನಗಳು ಓಡಿ ಅದು ಸಮನಾಗುತ್ತದೆ. ಕೊನೆಯಲ್ಲಿ ಹಳೆಯದೂ ಹೊಸದೂ ಕೂಡುವ ಗೆರೆಯ ಮೇಲೆ ಬಿಸಿ ಡಾಂಬರು ಸವರಿ ಮುಚ್ಚಬೇಕು.

ಹೆದ್ದಾರಿ ವಿದ್ಯಾರ್ಥಿ

ಮೇಸ್ತ್ರಿಯವರ ಅನುಭವವನ್ನು ಗೌರವಿಸುತ್ತಲೇ ಒಂದು ವಿಷಯವನ್ನು ಗಮನಕ್ಕೆ ತರಲು ಬಯಸುತ್ತೇನೆ. 1991ರಲ್ಲಿ ಅಮೆರಿಕ ಮತ್ತು ಕೆನಡಾಗಳ ಹಲವು ಸ್ಥಳಗಳಲ್ಲಿ ಸಾವಿರಕ್ಕೂ ಹೆಚ್ಚು ತೇಪೆಗಳನ್ನು ಬೇರೆ ಬೇರೆ ವಿಧಾನದಲ್ಲಿ ಹಾಕಿ, ವರ್ಷಗಳ ಕಾಲ ಗಮನಿಸಿದ ದೊಡ್ಡ ಅಧ್ಯಯನವೊಂದು ನಡೆದಿತ್ತು. ಉತ್ತಮ ಗುಣಮಟ್ಟದ ತಣ್ಣನೆಯ ಮಿಶ್ರಣವನ್ನು ಬಳಸಿದಲ್ಲಿ, ಕತ್ತರಿಸದೆ ಗುಂಡಿಗೆ ಸುರಿದು ಚಕ್ರದಿಂದ ಅದುಮಿದ ತೇಪೆಗಳೂ, ಚೌಕವಾಗಿ ಕತ್ತರಿಸಿ ಹಾಕಿದ ತೇಪೆಗಳಷ್ಟೇ ಬಾಳಿಕೆ ಬಂದವು ಎಂಬುದು ಅಲ್ಲಿ ಕಂಡುಬಂದಿತು. ವಾಹನಗಳ ನಡುವೆ ನಿಂತು ಕೆಲಸ ಮಾಡುವ ಕಾರ್ಮಿಕರ ಸುರಕ್ಷತೆ ಮತ್ತು ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಪ್ರತಿಯೊಂದು ಗುಂಡಿಯನ್ನೂ ಕತ್ತರಿಸಬೇಕೆಂಬ ನಿಯಮ ಎಲ್ಲೆಡೆಗೂ ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ.

ಬಿರುಕುಗಳ ಬಗ್ಗೆಯೂ ಕೇಳಿದ್ದೀರಿ. ನಡುವಿನ ಉದ್ದ ಗೆರೆಯು ರಸ್ತೆ ಹಾಕುವಾಗ ಎರಡು ಪಟ್ಟಿಗಳು ಕೂಡಿದ ಜಾಗವಾಗಿರಬೇಕು. ಅಲ್ಲಿ ಮಿಶ್ರಣ ಸಾಮಾನ್ಯವಾಗಿ ಸಡಿಲವಾಗಿಯೇ ಉಳಿದಿರುತ್ತದೆ. ಅಡ್ಡ ಬಿರುಕುಗಳು ಬಿಸಿಲು ಚಳಿಗಳಿಗೆ ಡಾಂಬರು ಹಿಗ್ಗಿ ಕುಗ್ಗುವುದರಿಂದ ಬರುತ್ತವೆ. ಗಾಳಿಯ ಆಮ್ಲಜನಕದೊಡನೆ ಸೇರಿ ಡಾಂಬರು ವರ್ಷ ಕಳೆದಂತೆ ಪೆಡಸಾಗುತ್ತದೆ, ಆದ್ದರಿಂದ ಹಳೆಯ ರಸ್ತೆಗಳಲ್ಲಿ ಇವು ಹೆಚ್ಚು. ಈ ಎರಡೂ ಬಗೆಯ ಬಿರುಕುಗಳನ್ನು ತುಂಬುವುದು ಲಾಭದಾಯಕ. ಮೊಸಳೆ ಚರ್ಮದ ಬಿರುಕನ್ನು ತುಂಬುವುದರಿಂದ ಮಾತ್ರ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಬಾಗುವಿಕೆ ನಿಂತಿರುವುದಿಲ್ಲ.

ಮೂರು ಮಿಲಿಮೀಟರಿಗಿಂತ ಅಗಲವಾದ, ಸುಮಾರು ಇಪ್ಪತ್ತು ಮಿಲಿಮೀಟರಿನೊಳಗಿನ ಬಿರುಕುಗಳಿಗೆ ರಬ್ಬರ್ ಬೆರೆಸಿದ ಬಿಸಿ ಡಾಂಬರನ್ನು ಸುರಿಯುವುದು ರೂಢಿ. ಅದು ಬಿರುಕಿನೊಡನೆ ಹಿಗ್ಗಿ ಕುಗ್ಗುತ್ತದೆ. ಹೆಚ್ಚು ಬಿಸಿಯೂ ಹೆಚ್ಚು ಚಳಿಯೂ ಇಲ್ಲದ ಒಣ ಹವೆಯಲ್ಲಿ ತುಂಬುವುದು ಒಳ್ಳೆಯದು, ಆಗ ಬಿರುಕು ತನ್ನ ಚಲನೆಯ ನಡುಮಟ್ಟದಲ್ಲಿ ತೆರೆದುಕೊಂಡಿರುತ್ತದೆ. ಒಳಗಿನ ಧೂಳು ಮತ್ತು ಹುಲ್ಲನ್ನು ಒತ್ತಡದ ಗಾಳಿಯಿಂದ ತೆಗೆಯದೆ ತುಂಬಿದರೆ, ತುಂಬಿದ್ದು ಧೂಳಿಗೆ ಅಂಟಿಕೊಳ್ಳುತ್ತದೆಯೇ ಹೊರತು ರಸ್ತೆಗೆ ಅಂಟುವುದಿಲ್ಲ. ಕೂದಲೆಳೆಯಂತಹ ಬಿರುಕುಗಳಿಗೆ ಇದರ ಅಗತ್ಯವಿಲ್ಲ. ಅವು ವ್ಯಾಪಕವಾಗಿದ್ದರೆ ಮೇಲ್ಮೈಗೆಲ್ಲ ಎಮಲ್ಷನ್ ಮತ್ತು ಸಣ್ಣ ಹರಳುಗಳ ತೆಳು ಲೇಪನ ಸಾಕು.

ರೋಲರ್ ಮೇಸ್ತ್ರಿ

ವಿದ್ಯಾರ್ಥಿಗಳು ಹೇಳಿದ ಅಧ್ಯಯನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರೇ ಬರೆದಿರುವ "ಉತ್ತಮ ಗುಣಮಟ್ಟದ ಮಿಶ್ರಣ" ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ. ಚೀಲದ ಮೇಲೆ ಬರೆದಿರುವುದನ್ನು ನೋಡಿ ಗುಣಮಟ್ಟವನ್ನು ತಿಳಿಯಲಾಗದು. ವಾಹನ ದಟ್ಟಣೆಯ ಹೆದ್ದಾರಿಯಲ್ಲಿ, ಕೆಳಗಿನ ನೆಲ ಗಟ್ಟಿಯಾಗಿರುವಾಗ, ಸುರಿದು ಅದುಮುವ ವಿಧಾನವನ್ನು ನಾನೂ ಒಪ್ಪುತ್ತೇನೆ. ಇಲ್ಲಿ ಪ್ರಶ್ನೆ ಕೇಳಿದವರದ್ದು ದಿನಕ್ಕೆ ಕೆಲವೇ ವಾಹನಗಳು ಓಡುವ ಒಳರಸ್ತೆ, ಸುತ್ತಲೂ ಬಿರುಕುಬಿಟ್ಟ ಡಾಂಬರು, ಕೆಳಗೆ ಒದ್ದೆ ಇರುವ ಶಂಕೆ. ಕತ್ತರಿಸದಿದ್ದರೆ ಕೆಳಗೆ ಏನಿದೆ ಎಂದು ನೋಡುವುದೇ ಸಾಧ್ಯವಿಲ್ಲ. ಇಲ್ಲಿ ಕತ್ತರಿಸಲೇಬೇಕು.

ಒಳರಸ್ತೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹಿರಿಯರ ಸಲಹೆಯಂತೆ ಮೊನ್ನೆಯ ಮಳೆಯ ನಂತರ ಎರಡು ಸಲ ಹೋಗಿ ನೋಡಿದೆ. ಮಳೆ ನಿಂತ ಮರುದಿನ ಬೆಳಿಗ್ಗೆಯೂ ತಿರುವಿನ ಬಿರುಕುಗಳು ಒದ್ದೆಯಾಗಿಯೇ ಇದ್ದವು. ಸುತ್ತಲೂ ಕೆಂಚು ಕಲೆ ಇತ್ತು. ಸಂಘದ ಒಪ್ಪಿಗೆ ಪಡೆದು ಕಾಂಕ್ರೀಟಿನ ತುಂಡನ್ನು ತೆಗೆಸಿ, ಅದರ ಪಕ್ಕದಲ್ಲಿ ಅರ್ಧ ಮೀಟರ್ ಆಳ ಅಗೆಸಿದೆವು. ಮೇಲೆ ಡಾಂಬರು, ಅದರ ಕೆಳಗೆ ಒಂದು ಗೇಣಿನಷ್ಟು ಜಲ್ಲಿ, ಜಲ್ಲಿಯ ತಳಭಾಗದಲ್ಲಿ ಮಣ್ಣು ಬೆರೆತ ನೀರು, ಅದರ ಕೆಳಗೆ ಬೆರಳಿನಿಂದ ಒತ್ತಿದರೆ ಗುಳಿ ಬೀಳುವಂತಹ ಜೇಡಿ ಮಣ್ಣು. ಪಕ್ಕದ ಉದ್ಯಾನದ ನೆಲ ರಸ್ತೆಗಿಂತ ಒಂದು ಗೇಣು ಎತ್ತರದಲ್ಲಿದೆ, ಅಲ್ಲಿಂದ ನೀರು ರಸ್ತೆಯ ಕಡೆಗೇ ಜಿನುಗುತ್ತದೆ. ಇನ್ನೊಂದು ವಿಷಯ ನನಗೆ ಆಗಲೇ ಹೊಳೆಯಬೇಕಿತ್ತು: ಅದೇ ಜಾಗದಲ್ಲಿ ನಾಲ್ಕು ವರ್ಷಗಳ ಹಿಂದೆ ಕೊಳವೆ ಹಾಕಲು ರಸ್ತೆಯನ್ನು ಅಡ್ಡಲಾಗಿ ಅಗೆದು ಮುಚ್ಚಿದ್ದರು. ಆ ಕಂದಕ ಈಗ ನೀರಿನ ಕಾಲುವೆಯಂತೆ ಕೆಲಸ ಮಾಡುತ್ತಿರಬಹುದೇ?

ನಿವೃತ್ತ ಇಂಜಿನಿಯರ್

ಖಂಡಿತವಾಗಿಯೂ ಹೌದು. ಅಗೆದ ಮಣ್ಣನ್ನು ಒಮ್ಮೆಗೇ ಸುರಿದು ಮುಚ್ಚಿದ ಕಂದಕವು ಸುತ್ತಲಿನ ನೆಲಕ್ಕಿಂತ ಸಡಿಲವಾಗಿರುತ್ತದೆ. ಉದ್ಯಾನದ ನೀರು ಅತಿ ಸುಲಭದ ದಾರಿಯನ್ನು ಹುಡುಕಿಕೊಂಡು ಅದರೊಳಗೆ ಇಳಿದು, ರಸ್ತೆಯ ಹೊಟ್ಟೆಯ ಕೆಳಗೆ ನಿಲ್ಲುತ್ತದೆ. ಜೇಡಿ ಮಣ್ಣಿನಲ್ಲಿ ಅದು ಬೇಗ ಇಂಗಿಹೋಗುವುದೂ ಇಲ್ಲ. ಕೊಳವೆಯೇ ಸೋರುತ್ತಿದೆಯೇ ಎಂಬುದನ್ನೂ ಒಮ್ಮೆ ಪರೀಕ್ಷಿಸಿ. ಮಳೆಯಿಲ್ಲದ ದಿನಗಳಲ್ಲಿಯೂ ಒದ್ದೆ ಉಳಿದರೆ ಅದನ್ನು ಮೊದಲು ಸರಿಪಡಿಸಬೇಕು.

ನನ್ನ ಸಲಹೆ ಹೀಗಿದೆ. ಮೊದಲ ಹಣವನ್ನು ಡಾಂಬರಿಗೆ ಖರ್ಚು ಮಾಡಬೇಡಿ. ಉದ್ಯಾನ ಮತ್ತು ರಸ್ತೆಯ ನಡುವೆ, ಜಲ್ಲಿಯ ಪದರದ ತಳಕ್ಕಿಂತಲೂ ಕೆಳಗೆ ಇಳಿಯುವಂತೆ ಒಂದು ಕಿರು ಕಾಲುವೆಯನ್ನು ತೋಡಿಸಿ, ಅದಕ್ಕೆ ಮಣ್ಣನ್ನು ತಡೆದು ನೀರನ್ನು ಬಿಡುವ ಬಟ್ಟೆ ಹೊದಿಸಿ, ರಂಧ್ರಗಳಿರುವ ಕೊಳವೆ ಇಟ್ಟು, ಸುತ್ತ ಜಲ್ಲಿ ತುಂಬಿಸಿ, ಅದರ ಬಾಯನ್ನು ತಗ್ಗಿನ ಕಡೆ ತೆರೆದಿಡಬೇಕು. ಬಾಯಿ ಮುಚ್ಚಿದ ಕಾಲುವೆ ನೀರನ್ನು ಕೂಡಿಡುತ್ತದೆ, ಅದು ಇಲ್ಲದಿರುವುದಕ್ಕಿಂತಲೂ ಕೇಡು. ರಸ್ತೆಯ ನಡುವಿನಿಂದ ಅಂಚಿಗೆ ಮೀಟರಿಗೆ 20ರಿಂದ 25 ಮಿಲಿಮೀಟರ್ ಇಳಿಜಾರು ಇದೆಯೇ ಎಂದು ಮಟ್ಟಗೋಲಿನಿಂದ ಅಳೆಯಿಸಿ. ಅಂಚಿನ ಮಣ್ಣು ಮತ್ತು ಹುಲ್ಲು ಬೆಳೆದು ರಸ್ತೆಗಿಂತ ಎತ್ತರವಾಗಿದ್ದರೆ ಅದನ್ನು ಕೆರೆದು ತೆಗೆಸುವುದು ಒಂದು ದಿನದ ಕೆಲಸ, ಆದರೆ ಅದರಿಂದ ಆಗುವ ಉಪಕಾರ ಬಹಳ ದೊಡ್ಡದು.

ಬಳಿಕ ತಿರುವಿನಲ್ಲಿ ಮೆತ್ತನೆಯ ಜೇಡಿ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆಸಿ, ಹರಳು ಮಿಶ್ರಿತ ಮಣ್ಣು ಮತ್ತು ಜಲ್ಲಿಯನ್ನು 150 ಮಿಲಿಮೀಟರಿನ ಪದರಗಳಲ್ಲಿ, ಪ್ರತಿ ಪದರವನ್ನೂ ಹದವಾದ ತೇವದಲ್ಲಿ ಧಮ್ಮಸ್ಸು ಮಾಡಿಸುತ್ತಾ ತುಂಬಿಸಬೇಕು. ಹಳೆಯ ಕಂದಕವನ್ನೂ ಇದೇ ರೀತಿ ಮಾಡಿಸಿ, ಡಾಂಬರನ್ನು ಕಂದಕದ ಎರಡೂ ಬದಿಗೆ ಒಂದು ಗೇಣಿನಷ್ಟು ಹೆಚ್ಚಾಗಿಯೇ ಕತ್ತರಿಸಿ ಹೊಸದಾಗಿ ಹಾಕಿಸಿ. ಆ ಮೇಲಿನ ಕೆಲಸಕ್ಕೆ ಮೇಸ್ತ್ರಿಯವರು ಬರೆದ ಕ್ರಮವನ್ನು ಅಕ್ಷರಶಃ ಪಾಲಿಸಬಹುದು. ಅದೇ ಸಂದರ್ಭದಲ್ಲಿ ಉದ್ದ ಮತ್ತು ಅಡ್ಡ ಬಿರುಕುಗಳನ್ನು ತುಂಬಿಸಿ. ಇಡೀ ರಸ್ತೆಯ ಮೇಲಿನ ಹೊಸ ಪದರ ಕೆಲವು ವರ್ಷ ಕಾಯಬಲ್ಲದು.

ಮಿಶ್ರಣವನ್ನು ತರಿಸುವಾಗ ಒಂದು ಮಾತನ್ನು ಕೇಳಿ. ಗ್ರಾನೈಟಿನಂತಹ ಸಿಲಿಕಾ ಹೆಚ್ಚಿರುವ ಕಲ್ಲುಗಳಿಗೆ ಡಾಂಬರಿಗಿಂತ ನೀರಿನ ಮೇಲೆಯೇ ಒಲವು ಹೆಚ್ಚು. ಒದ್ದೆಯಲ್ಲಿ ಡಾಂಬರು ಅವುಗಳಿಂದ ಕಳಚಿಕೊಳ್ಳುತ್ತದೆ. ಇದನ್ನು ತಡೆಯಲು ಒಂದರಿಂದ ಒಂದೂವರೆ ಶೇಕಡಾ ಅರಳಿದ ಸುಣ್ಣವನ್ನು ಅಥವಾ ಅದಕ್ಕೆಂದೇ ಇರುವ ರಾಸಾಯನಿಕವನ್ನು ಬೆರೆಸುತ್ತಾರೆ. ಸರಬರಾಜು ಮಾಡುವವರು ಬೆರೆಸುತ್ತಾರೆಯೇ ಎಂದು ವಿಚಾರಿಸಿ.

ಒಳರಸ್ತೆ

ಸಂಘದ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಕಾಲುವೆ, ತಿರುವಿನ ದುರಸ್ತಿ ಮತ್ತು ಬಿರುಕು ತುಂಬುವಿಕೆ, ಈ ಮೂರನ್ನು ಮಾತ್ರ ಮಾಡಿಸುವುದೆಂದು ತೀರ್ಮಾನವಾಗಿದೆ. ಹೊಸ ಪದರದ ಪ್ರಸ್ತಾಪವನ್ನು ಕೈಬಿಟ್ಟಿದ್ದೇವೆ. ಕೊನೆಯದಾಗಿ ಒಂದು ಸಂದೇಹ: ತೇಪೆ ಮುಗಿದ ಮೇಲೆ ಎಷ್ಟು ಹೊತ್ತಿಗೆ ವಾಹನಗಳನ್ನು ಬಿಡಬಹುದು? ಕಸದ ಲಾರಿ ಮರುದಿನ ಬೆಳಿಗ್ಗೆಯೇ ಬರುತ್ತದೆ.

ರೋಲರ್ ಮೇಸ್ತ್ರಿ

ಬಿಸಿ ಮಿಶ್ರಣಕ್ಕೆ ದಿನಗಟ್ಟಲೆ ಕಾಯುವ ಅಗತ್ಯವಿಲ್ಲ. ಮೇಲ್ಮೈಯ ಬಿಸಿ 50 ಡಿಗ್ರಿಗಿಂತ ಕೆಳಗೆ ಇಳಿದಿರಬೇಕು. ಅಂಗೈಯನ್ನು ಕೆಲವು ಕ್ಷಣ ಅದರ ಮೇಲೆ ಇಡಲು ಸಾಧ್ಯವಾಗುವಷ್ಟು ತಣಿದಿದ್ದರೆ ಕಾರುಗಳನ್ನು ಬಿಡಬಹುದು. ದಪ್ಪವಾದ ತೇಪೆಯ ಒಳಭಾಗ ನಿಧಾನವಾಗಿ ಆರುವುದರಿಂದ ಲಾರಿಗೆ ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ಕೆಲಸ ಮುಗಿಸಿದರೆ ಮರುದಿನದ ಲಾರಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಮೊದಲ ಕೆಲವು ವಾರ ಆ ತಿರುವಿನಲ್ಲಿ ಲಾರಿಯನ್ನು ನಿಲ್ಲಿಸಿ, ನಿಂತಲ್ಲಿಯೇ ಚಕ್ರವನ್ನು ತಿರುಗಿಸದಂತೆ ಚಾಲಕರಿಗೆ ತಿಳಿಸಿ. ಹೊಸ ಡಾಂಬರು ಓಡುವ ಗಾಲಿಯನ್ನು ಸುಲಭವಾಗಿ ತಾಳಿಕೊಳ್ಳುತ್ತದೆ, ನಿಂತು ತಿರುಚುವ ಗಾಲಿಯನ್ನು ತಾಳಿಕೊಳ್ಳುವುದಿಲ್ಲ.